ಹುಲ್ಲನ್ನು ಹದ್ದುಬಸ್ತಿಗೆ ತಂದ ಪ್ರೆಸ್ಸು

ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ತನ್ನ ಸೈನ್ಯಕ್ಕೆಂದು ಫ್ರಾನ್ಸಿಗೆ ಸಾಗಿಸಿದ ಸರಕಿನ ಲೆಕ್ಕ ತೆರೆದರೆ ಎರಡು ಅಂಕಿಗಳು ಕಣ್ಣಿಗೆ ಬೀಳುತ್ತವೆ. ಹಡಗು ಏರಿದ ಮದ್ದುಗುಂಡು ಸುಮಾರು 52 ಲಕ್ಷ ಟನ್. ಹುಲ್ಲು ಮತ್ತು ಓಟ್ಸ್ ಸುಮಾರು 54 ಲಕ್ಷ ಟನ್. ಫಿರಂಗಿ ಎಳೆಯುವ, ಗಾಯಾಳುಗಳನ್ನು ಹೊರುವ, ರೊಟ್ಟಿ ಸಾಗಿಸುವ ಲಕ್ಷಾಂತರ ಕುದುರೆ, ಹೇಸರಗತ್ತೆಗಳ ಹೊಟ್ಟೆ ತುಂಬದೆ ಯುದ್ಧ ಒಂದು ದಿನವೂ ಮುಂದೆ ಹೋಗುತ್ತಿರಲಿಲ್ಲ.

ಓಟ್ಸನ್ನು ಚೀಲಕ್ಕೆ ತುಂಬಿ ಹೊಲಿದರಾಯಿತು. ಹುಲ್ಲಿನ ಕಥೆ ಬೇರೆ. ಬಿಡಿ ಹುಲ್ಲು ಒಂದು ಘನ ಮೀಟರ್ ಜಾಗ ಹಿಡಿದರೂ ತೂಕ ಎಪ್ಪತ್ತು ಕಿಲೋ ಮುಟ್ಟುವುದೇ ಕಷ್ಟ. ಹಡಗಿನ ಒಡಲು ತುಂಬಿಹೋಗುತ್ತದೆ, ತೂಕ ಮಾತ್ರ ಆಗುವುದಿಲ್ಲ. ಅಷ್ಟು ಹುಲ್ಲು ಕಡಲು ದಾಟಲು ಸಾಧ್ಯವಾದದ್ದು ಅದನ್ನು ಅದುಮಿ, ಮೂಲೆ ಮೂಡಿಸಿ, ತಂತಿ ಬಿಗಿದು ಪೆಂಡಿ ಮಾಡುವ ಯಂತ್ರ ಅಷ್ಟರಲ್ಲಿ ಹದಕ್ಕೆ ಬಂದಿದ್ದರಿಂದ. ಆ ಯಂತ್ರದ ಮೂಲ ವಿನ್ಯಾಸ ರೂಪುಗೊಂಡದ್ದು ಅಮೆರಿಕದ ಹಳ್ಳಿ ಮತ್ತು ಸಣ್ಣ ಪಟ್ಟಣಗಳಲ್ಲಿ, ಕಮ್ಮಾರರ ಮತ್ತು ಬಡಗಿಗಳ ಕೈಯಲ್ಲಿ. ಅದನ್ನು ತಿರುಗಿಸಿದ್ದೂ ಕುದುರೆಯೇ.

ಮೂರು ಅಂತಸ್ತಿನ ಕೊಟ್ಟಿಗೆ

ಅಮೆರಿಕದ ಇಂಡಿಯಾನಾ ರಾಜ್ಯದ ಆಗ್ನೇಯ ಮೂಲೆಯಲ್ಲಿ, ಓಹಾಯೊ ನದಿಯ ದಂಡೆಗೆ ಸ್ವಿಟ್ಜರ್ಲೆಂಡ್ ಕೌಂಟಿ ಎಂಬ ಸೀಮೆಯಿದೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದವರು ಅಲ್ಲಿ ದ್ರಾಕ್ಷಿ ತೋಟ ಹಾಕಿ ವೀವೇ ಎಂಬ ಊರು ಕಟ್ಟಿದರು. ದ್ರಾಕ್ಷಿ ಬಹುಕಾಲ ಕೈ ಹಿಡಿಯಲಿಲ್ಲ, ಹುಲ್ಲು ಹಿಡಿಯಿತು. ನದಿಗುಂಟ ಬೆಳೆದ ಒಳ್ಳೆಯ ಹುಲ್ಲನ್ನು ಚಪ್ಪಟೆ ದೋಣಿಗಳಿಗೆ ಹೇರಿ ಓಹಾಯೊ, ಮಿಸಿಸಿಪ್ಪಿ ನದಿಗಳ ಹರಿವಿನ ಜತೆ ಇಳಿಸಿದರೆ ನ್ಯೂ ಆರ್ಲಿಯನ್ಸ್‌ವರೆಗೂ ಮಾರುಕಟ್ಟೆ ಇತ್ತು. ಆದರೆ ದೋಣಿಗೆ ಬಿಡಿ ಹುಲ್ಲು ಹೇರಿದರೆ ಲಾಭವೆಲ್ಲ ಗಾಳಿಯನ್ನೇ ಸಾಗಿಸುವುದರಲ್ಲಿ ಕರಗಿಹೋಗುತ್ತಿತ್ತು.

ಇದೇ ಸೀಮೆಯ ಸ್ಯಾಮ್ಯುಯೆಲ್ ಹ್ಯೂವಿಟ್ 1843ರಲ್ಲಿ ಒಂದು ಪ್ರೆಸ್ಸಿಗೆ ಪೇಟೆಂಟ್ ಪಡೆದ. ಅದು ಹೊಲಕ್ಕೆ ಒಯ್ಯುವ ಯಂತ್ರವಲ್ಲ. ಕೊಟ್ಟಿಗೆಯನ್ನೇ ಅದರ ಸುತ್ತ ಕಟ್ಟಬೇಕು. ನೆಲದಿಂದ ಮಾಡಿನವರೆಗೆ ಮೂರು ಅಂತಸ್ತು ಸೀಳಿಕೊಂಡು ನಿಂತ ದೊಡ್ಡ ಮರದ ಪೆಟ್ಟಿಗೆ ಅದು. ಮೇಲಿನ ಅಟ್ಟದಿಂದ ಆಳುಗಳು ಅದರೊಳಕ್ಕೆ ಹುಲ್ಲು ಸುರಿಯುತ್ತಿದ್ದರು. ಕೆಳಗೆ ಎತ್ತು ಅಥವಾ ಕುದುರೆ ಸುತ್ತು ಹೊಡೆದಂತೆ ಹಗ್ಗ ಸುತ್ತಿಕೊಂಡು ಭಾರಿ ಮರದ ದಿಮ್ಮಿಯೊಂದು ಮೇಲೇರುತ್ತಿತ್ತು. ತುದಿ ತಲುಪಿದಾಗ ಕೊಂಡಿ ಕಳಚಿದರೆ ದಿಮ್ಮಿ ಧೊಪ್ಪೆಂದು ಹುಲ್ಲಿನ ಮೇಲೆ ಬೀಳುತ್ತಿತ್ತು. ಮತ್ತೆ ಹುಲ್ಲು, ಮತ್ತೆ ಏಟು. ಪೆಟ್ಟಿಗೆ ತುಂಬಿದ ಮೇಲೆ ಅದೇ ಪ್ರಾಣಿಯ ಬಲದಿಂದ ಕೊನೆಯ ಅದುಮು. ಆಮೇಲೆ ಬಾಗಿಲು ತೆರೆದು ಕಟ್ಟು ಬಿಗಿದು ಪೆಂಡಿಯನ್ನು ಉರುಳಿಸಿ ಹೊರಕ್ಕೆ ತೆಗೆಯುತ್ತಿದ್ದರು. ಒಂದೊಂದರ ತೂಕ ಮುನ್ನೂರು ಪೌಂಡ್ ಆಸುಪಾಸು, ಅಂದರೆ ಒಂದೂಕಾಲು ಕ್ವಿಂಟಲಿಗೂ ಮೇಲೆ.

ಇಂಥ ಕೊಟ್ಟಿಗೆಗಳಲ್ಲಿ ಬಹುಪಾಲು ಬಿದ್ದುಹೋಗಿವೆ. ವೀವೇ ಬಳಿಯ ಥೀಬೋ ಕುಟುಂಬದ ಹಳೆಯ ಜಮೀನಿನಲ್ಲಿ ಒಂದನ್ನು ಕಾಪಾಡಿ ನಿಲ್ಲಿಸಿದ್ದಾರೆ. ಇಂಡಿಯಾನಾದ ಓಬ್ಯಾನನ್ ವುಡ್ಸ್ ಉದ್ಯಾನದಲ್ಲಿ ಇನ್ನೊಂದನ್ನು ಎತ್ತು ಕಟ್ಟಿ ನಡೆಸಿ ತೋರಿಸುವ ಪದ್ಧತಿಯಿದೆ. ಅಲ್ಲಿ ನಿಂತು ನೋಡುವವರಿಗೆ ಯಂತ್ರದ ಶಕ್ತಿಯೂ ಅದರ ತೊಡಕೂ ಒಟ್ಟಿಗೇ ಕಾಣುತ್ತವೆ. ಪೆಟ್ಟಿಗೆ ತುಂಬುವಾಗ ಕಟ್ಟುವವನು ಸುಮ್ಮನಿರಬೇಕು, ಕಟ್ಟುವಾಗ ತುಂಬುವವನು ಸುಮ್ಮನಿರಬೇಕು, ಪ್ರಾಣಿಯೂ ನಿಲ್ಲಬೇಕು. ಪ್ರತಿ ಪೆಂಡಿಗೂ ಎಲ್ಲ ಕೆಲಸ ಮೊದಲಿನಿಂದ.

ಹುಲ್ಲಿನ ಹಟ

ಹುಲ್ಲನ್ನು ಅದುಮುವುದು ಯಾಕೆ ಇಷ್ಟು ಕಷ್ಟ? ಒಣಗಿದ ಕಡ್ಡಿಯ ಒಳಗೆ ಟೊಳ್ಳು, ಕಡ್ಡಿ ಕಡ್ಡಿಗಳ ನಡುವೆ ಇನ್ನೂ ಹೆಚ್ಚು ಟೊಳ್ಳು. ಮೊದಲು ಅಂಗೈಯಿಂದ ಒತ್ತಿದರೂ ತಗ್ಗುತ್ತದೆ. ಅರ್ಧಕ್ಕೆ ಬಂದ ಮೇಲೆ ಬಿಗಿಯುತ್ತದೆ. ಕೊನೆಯ ನಾಲ್ಕು ಬೆರಳು ತಗ್ಗಿಸಲು ಅಲ್ಲಿಯವರೆಗೆ ಬಳಸಿದ ಬಲದ ಎಷ್ಟೋ ಪಟ್ಟು ಬೇಕು. ಒತ್ತಡ ಬಿಟ್ಟರೆ ಪುಟಿದು ಮೇಲೇಳುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಪೆಟ್ಟಿಗೆಯ ಗೋಡೆಗಳದ್ದು. ಆಳದ ಪೆಟ್ಟಿಗೆಗೆ ಒಮ್ಮೆಲೇ ಹುಲ್ಲು ತುಂಬಿ ಮೇಲಿಂದ ಒತ್ತಿದರೆ ಹುಲ್ಲು ಬದಿಗೆ ಹಿಗ್ಗಿ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ಮೇಲಿನ ಬಲವನ್ನೆಲ್ಲ ಆ ತಿಕ್ಕಾಟವೇ ನುಂಗುತ್ತದೆ. ಮೇಲಿನ ಪದರ ಗಟ್ಟಿಯಾಗುತ್ತದೆ, ತಳದ್ದು ಪೊಳ್ಳಾಗಿ ಉಳಿಯುತ್ತದೆ. ಹ್ಯೂವಿಟ್ ನಡುನಡುವೆ ಹುಲ್ಲು ಹಾಕಿ ಏಟು ಕೊಡಿಸಿದ್ದರಲ್ಲಿ ಈ ಸಮಸ್ಯೆಗೆ ಅರ್ಧ ಉತ್ತರ ಇತ್ತು: ಸ್ವಲ್ಪ ಸ್ವಲ್ಪವಾಗಿ, ಪದರ ಪದರವಾಗಿ ಒತ್ತು. ಉಳಿದ ಅರ್ಧ ಉತ್ತರಕ್ಕೆ ಇನ್ನೂ ಸುಮಾರು ಮೂವತ್ತು ವರ್ಷ ಕಾಯಬೇಕಾಯಿತು.

ಅಷ್ಟರಲ್ಲಿ ಹಸಿವು ನಗರಕ್ಕೆ ಬಂದಿತ್ತು. 1880ರ ಹೊತ್ತಿಗೆ ನ್ಯೂಯಾರ್ಕ್ ಮತ್ತು ಬ್ರೂಕ್ಲಿನ್‌ಗಳಲ್ಲಿ ಒಟ್ಟು ಒಂದೂವರೆ ಲಕ್ಷದಷ್ಟು ಕುದುರೆಗಳಿದ್ದವು. ಟ್ರಾಮು, ಬಾಡಿಗೆ ಗಾಡಿ, ಹಾಲು, ಕಲ್ಲಿದ್ದಲು, ಬೆಂಕಿ ಆರಿಸುವ ಬಂಡಿ ಎಲ್ಲಕ್ಕೂ ಕುದುರೆಯೇ ಗತಿ. ದುಡಿಯುವ ಕುದುರೆಗೆ ದಿನಕ್ಕೆ ಐದಾರು ಕಿಲೋ ಒಣಹುಲ್ಲು ಎಂದು ಹಿಡಿದರೂ ಆ ಎರಡು ನಗರಗಳಿಗೆ ದಿನವೊಂದಕ್ಕೆ 750–900 ಟನ್ ಬೇಕು. ಹತ್ತಿರದ ಹೊಲಗಳ ಹುಲ್ಲು ಸಾಲದೆ ರೈಲು ದೂರದ ಹುಲ್ಲನ್ನು ತರತೊಡಗಿತು. ರೈಲ್ವೆಯವರ ಲೆಕ್ಕ ವ್ಯಾಗನ್ನಿನದ್ದು. ಒಂದು ವ್ಯಾಗನ್ನಿಗೆ ಹತ್ತು ಟನ್ ಹಿಡಿಸಿದರೆ ಮಾತ್ರ ಬಾಡಿಗೆ ಗಿಟ್ಟುತ್ತಿತ್ತು. ಅದಕ್ಕೇ ಆ ಕಾಲದ ಪ್ರೆಸ್ಸು ತಯಾರಕರು ತಮ್ಮ ಜಾಹೀರಾತಿನಲ್ಲಿ ವ್ಯಾಗನ್ನಿಗೆ ಹತ್ತು ಟನ್ ಎಂಬ ಮಾತನ್ನೇ ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸುತ್ತಿದ್ದರು.

ಹಿಂದಿನ ಪೆಂಡಿಯೇ ಗೋಡೆ

ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ಪಿ. ಕೆ. ಡೆಡೆರಿಕ್ ಎಂಬ ತಯಾರಕ ಬಹಳ ಕಾಲದಿಂದ ನೆಟ್ಟಗೆ ನಿಲ್ಲುವ ಪೆಟ್ಟಿಗೆ ಪ್ರೆಸ್ಸುಗಳನ್ನು ಮಾಡಿ ಮಾರುತ್ತಿದ್ದ. 1870ರ ದಶಕದಲ್ಲಿ ಅವನ ಕಾರ್ಖಾನೆ ತಂದ ‘ಪರ್ಪೆಚುಯಲ್’ ಪ್ರೆಸ್ಸು ಆ ಪೆಟ್ಟಿಗೆಯನ್ನು ನೆಲಕ್ಕೆ ಮಲಗಿಸಿತು. ಮಲಗಿಸಿದ್ದಷ್ಟೇ ಅಲ್ಲ, ಪೆಟ್ಟಿಗೆಯ ಮುಂದಿನ ಗೋಡೆಯನ್ನೇ ಕಿತ್ತುಹಾಕಿತು.

ಎರಡೂ ತುದಿ ತೆರೆದ ಉದ್ದನೆಯ ಮರದ ಓಣಿಯೊಂದನ್ನು ಕಲ್ಪಿಸಿಕೊಳ್ಳಬೇಕು. ಒಂದು ತುದಿಯಲ್ಲಿ ಹಿಂದೆ ಮುಂದೆ ಸರಿಯುವ ಒತ್ತುಹಲಗೆ. ಅದರ ಎದುರಿಗೆ, ಮೇಲ್ಗಡೆ, ಹುಲ್ಲು ಹಾಕುವ ಬಾಯಿ. ಒತ್ತುಹಲಗೆ ಹಿಂದೆ ಸರಿದಾಗ ಒಂದು ಕವೆಗೋಲಿನಷ್ಟು ಹುಲ್ಲು ಒಳಗೆ ಬೀಳುತ್ತದೆ. ಮುಂದೆ ಬಂದಾಗ ಅದು ಹುಲ್ಲನ್ನು ಓಣಿಯೊಳಕ್ಕೆ ತಳ್ಳಿ, ಆಗಲೇ ಅಲ್ಲಿರುವ ಹುಲ್ಲಿಗೆ ಒತ್ತಿ ಹಿಡಿಯುತ್ತದೆ. ಓಣಿಯ ಬದಿಗಳಲ್ಲಿ ಸ್ಪ್ರಿಂಗಿನ ಮೇಲೆ ನಿಂತ ಕಬ್ಬಿಣದ ಹಲ್ಲುಗಳಿವೆ. ಹುಲ್ಲು ಮುಂದೆ ಹೋಗುವಾಗ ಅವು ತಗ್ಗಿ ದಾರಿ ಬಿಡುತ್ತವೆ, ಹುಲ್ಲು ಪುಟಿದು ಹಿಂದೆ ಬರಲು ಹೊರಟರೆ ಎದ್ದು ತಡೆಯುತ್ತವೆ. ಒತ್ತುಹಲಗೆ ನಿಶ್ಚಿಂತೆಯಿಂದ ಹಿಂದೆ ಸರಿದು ಮುಂದಿನ ಪದರಕ್ಕೆ ಜಾಗ ಮಾಡಿಕೊಡುತ್ತದೆ.

ಗೋಡೆಯೇ ಇಲ್ಲದಿದ್ದರೆ ಯಾವುದರ ವಿರುದ್ಧ ಒತ್ತುವುದು? ಈ ವಿನ್ಯಾಸದ ತಿರುಳು ಇರುವುದು ಇಲ್ಲೇ. ಈಗ ಆಗುತ್ತಿರುವ ಪೆಂಡಿಗೆ ಗೋಡೆ ಅದರ ಮುಂದಿರುವ, ಆಗಲೇ ಆಗಿಹೋದ ಪೆಂಡಿ. ಓಣಿಯ ಬದಿಗಳನ್ನು ತಿಕ್ಕಿಕೊಂಡು ಅದು ಒಲ್ಲದ ಮನಸ್ಸಿನಿಂದ ಸರಿಯುತ್ತದೆ. ಆ ತಿಕ್ಕಾಟವೇ ಎದುರು ಬಲ. ಆಳದ ಪೆಟ್ಟಿಗೆಯಲ್ಲಿ ಶಕ್ತಿ ನುಂಗುತ್ತಿದ್ದ ತಿಕ್ಕಾಟವನ್ನೇ ಇಲ್ಲಿ ದುಡಿಮೆಗೆ ಹಚ್ಚಿದ್ದಾರೆ. ಓಣಿಯ ಹೊರತುದಿಯನ್ನು ಬಿಗಿಸುವ, ಸಡಿಲಿಸುವ ತಿರುಪುಗಳಿವೆ. ಬಿಗಿಸಿದರೆ ಪೆಂಡಿ ತಡವರಿಸಿ ಹೊರಬರುತ್ತದೆ, ಹಿಂದಿನದು ಇನ್ನಷ್ಟು ಗಟ್ಟಿಯಾಗುತ್ತದೆ. ಹುಲ್ಲು ತುಸು ಮೆತ್ತಗಿದ್ದ ದಿನ ತಿರುಪು ಸಡಿಲಿಸಬೇಕು, ಗರಿಗರಿಯಾಗಿದ್ದ ದಿನ ಬಿಗಿಸಬೇಕು. ಪೆಂಡಿಯ ತೂಕ ನಿಲ್ಲುವುದು ಆ ಎರಡು ತಿರುಪುಗಳ ಮೇಲೆ, ಅವನ್ನು ತಿರುಗಿಸುವವನ ಅಂದಾಜಿನ ಮೇಲೆ.

ಪದರದ ಲಾಭ ದನದ ಕೊಟ್ಟಿಗೆಯಲ್ಲೂ ಕಾಣುತ್ತದೆ. ಪ್ರತಿ ತಳ್ಳಿಗೆ ಒಂದು ಪದರ ಕೂಡುವುದರಿಂದ ಕಟ್ಟು ಬಿಚ್ಚಿದಾಗ ಪೆಂಡಿ ಹಾಳೆ ಹಾಳೆಯಾಗಿ ಬಿಡುತ್ತದೆ. ಕುದುರೆಗೆ ಇಷ್ಟು ಹಾಳೆ ಎಂದು ಎಣಿಸಿ ಹಾಕಬಹುದು. ಕತ್ತಿ ಬೇಡ, ತಕ್ಕಡಿ ಬೇಡ, ಎಳೆದಾಟವೂ ಬೇಡ.

ಬಲಕ್ಕೆ ತಕ್ಕ ಕೀಲು

ಈ ಒತ್ತುಹಲಗೆಯನ್ನು ನಡೆಸುವುದು ಒಂದೋ ಎರಡೋ ಕುದುರೆ. ಕುದುರೆ ಎಳೆಯುವ ಬಲ ಸುತ್ತಿನುದ್ದಕ್ಕೂ ಹೆಚ್ಚುಕಡಿಮೆ ಒಂದೇ. ಹುಲ್ಲು ಕೇಳುವ ಬಲ ಮೊದಲು ಅತಿ ಕಡಿಮೆ, ಕೊನೆಗೆ ಅತಿ ಹೆಚ್ಚು. ಇವೆರಡನ್ನೂ ಹೊಂದಿಸಲು ಪ್ರೆಸ್ಸು ಮಾಡುವವರು ನೆಚ್ಚಿಕೊಂಡದ್ದು ಮಡಿಸುವ ಕೀಲನ್ನು. ಎರಡು ಗಟ್ಟಿ ತೋಳುಗಳನ್ನು ನಡುವೆ ಕೀಲಿನಿಂದ ಸೇರಿಸಿ, ಒಂದು ತುದಿಯನ್ನು ಚೌಕಟ್ಟಿಗೆ, ಇನ್ನೊಂದನ್ನು ಒತ್ತುಹಲಗೆಗೆ ಜೋಡಿಸುತ್ತಾರೆ. ತಲೆ ಮೇಲೆ ಹೊರೆ ಹೊತ್ತು ಕುಕ್ಕರಗಾಲಿನಿಂದ ಏಳುವವರ ಮೊಣಕಾಲಿನ ಹಾಗೆಯೇ ಇದರ ನಡೆ: ಮಡಿಕೆ ಹೆಚ್ಚಿರುವಾಗ ಹೊರೆ ಜೀವ ಹಿಂಡುತ್ತದೆ, ಕಾಲು ನೆಟ್ಟಗಾಗುತ್ತ ಬಂದಂತೆ ಅದೇ ಹೊರೆ ಹಗುರವೆನಿಸುತ್ತದೆ.

ಪ್ರೆಸ್ಸಿನಲ್ಲಿ ಇದನ್ನು ಹೀಗೆ ಬಳಸಿದರು. ತೋಳುಗಳು ಮಡಿಚಿಕೊಂಡಿರುವಾಗ ಕುದುರೆ ಸ್ವಲ್ಪ ನಡೆದರೂ ಒತ್ತುಹಲಗೆ ಬಹಳ ದೂರ ಸರಿಯುತ್ತದೆ. ಆಗ ಬಲ ಕಡಿಮೆ, ಆದರೆ ಬಿಡಿ ಹುಲ್ಲಿಗೆ ಅಷ್ಟೇ ಸಾಕು. ತೋಳುಗಳು ನೇರವಾಗುತ್ತ ಬಂದಂತೆ ಒತ್ತುಹಲಗೆಯ ನಡೆ ಕುಗ್ಗುತ್ತದೆ, ಬಲ ಏರುತ್ತದೆ. ಹುಲ್ಲು ಅತಿ ಹೆಚ್ಚು ಹಟ ಮಾಡುವ ಕೊನೆಯ ಬೆರಳೆರಡು ಬೆರಳಿನಲ್ಲಿ ಬಲವೂ ಅತಿ ಹೆಚ್ಚು. ಕುದುರೆಯ ಹೆಗಲಿಗೆ ಮಾತ್ರ ಈ ಏರಿಳಿತ ಅಷ್ಟಾಗಿ ತಟ್ಟುವುದಿಲ್ಲ.

ಮುಂದೆ ಕುದುರೆ ನಿಲ್ಲದೆ ಪೂರ್ತಿ ಸುತ್ತು ಹೊಡೆಯುವ ಪ್ರೆಸ್ಸುಗಳು ಬಂದವು. ಒಂದು ಸುತ್ತಿಗೆ ಎರಡು ಸಲ, ಕೆಲವದರಲ್ಲಿ ಮೂರು ಸಲ ಒತ್ತು. ಒತ್ತು ಮುಗಿದ ಕ್ಷಣಕ್ಕೆ ಕೀಲು ತಪ್ಪಿಸಿಕೊಂಡು, ಪುಟಿಯುವ ಹುಲ್ಲೋ ಒಂದು ಸ್ಪ್ರಿಂಗೋ ಒತ್ತುಹಲಗೆಯನ್ನು ಹಿಂದಕ್ಕೆ ಚಿಮ್ಮಿಸುತ್ತಿತ್ತು. ಸುತ್ತಿನ ನಡುವಿನ ಯಂತ್ರಭಾಗದಿಂದ ಓಣಿಯವರೆಗೆ ನೆಲದ ಮಟ್ಟದಲ್ಲಿ ಒಂದು ಉದ್ದನೆಯ ದೂಲ ಹಾದುಹೋಗುತ್ತಿತ್ತು. ಸುತ್ತಿಗೊಮ್ಮೆ ಕುದುರೆ ಅದನ್ನು ದಾಟಿ ಹೆಜ್ಜೆ ಇಡಬೇಕು.

ಗಂಟೆ, ಹಲಗೆ, ತಂತಿ

ಓಣಿಯಲ್ಲಿ ಹುಲ್ಲು ನಿಲ್ಲದೆ ಸಾಗುತ್ತಿದ್ದರೆ ಒಂದು ಪೆಂಡಿ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ತಿಳಿಯುವುದು ಹೇಗೆ? ಅದಕ್ಕೆ ಓಣಿಯ ಅಗಲಕ್ಕೆ ಸರಿಯಾಗಿ ಕೂರುವ ಮರದ ಅಡ್ಡಹಲಗೆ. ಪೆಂಡಿ ಅಳತೆಗೆ ಬಂದಾಗ ಹುಲ್ಲು ಹಾಕುವವನು ಒಂದು ಹಲಗೆಯನ್ನು ಬಾಯೊಳಗೆ ಇಳಿಸುತ್ತಾನೆ. ಅದು ಹುಲ್ಲಿನ ಜತೆಗೇ ಮುಂದೆ ಹೋಗುತ್ತದೆ. ಅಳತೆ ತಪ್ಪದಂತೆ ಹಲವು ಪ್ರೆಸ್ಸುಗಳಲ್ಲಿ ಗಂಟೆ ಕಟ್ಟಿರುತ್ತಿದ್ದರು. ಗಂಟೆ ಬಾರಿಸಿದರೆ ಹಲಗೆ ಹಾಕು ಎಂದರ್ಥ.

ಹಲಗೆಯ ಎರಡೂ ಮುಖಗಳಲ್ಲಿ ಅಡ್ಡಡ್ಡವಾಗಿ ಕೊರೆದ ಕಾಲುವೆಗಳಿರುತ್ತವೆ. ಹುಲ್ಲು ಎಷ್ಟೇ ಬಿಗಿಯಾಗಿ ಒತ್ತಿಕೊಂಡರೂ ಆ ಕಾಲುವೆ ಮುಚ್ಚುವುದಿಲ್ಲ. ಒಂದು ಬದಿಯಲ್ಲಿ ಕುಳಿತವನು ತಂತಿಯನ್ನು ಒಂದು ಹಲಗೆಯ ಕಾಲುವೆಯಲ್ಲಿ ತೂರಿಸಿದರೆ ಇನ್ನೊಂದು ಬದಿಯವನು ಹಿಡಿದು, ಹಿಂದಿನ ಹಲಗೆಯ ಕಾಲುವೆಯಲ್ಲಿ ತಿರುಗಿ ಕಳಿಸುತ್ತಾನೆ. ತಂತಿಯ ಒಂದು ತುದಿಯಲ್ಲಿ ಮೊದಲೇ ಮಾಡಿಟ್ಟ ಕುಣಿಕೆ. ಇನ್ನೊಂದು ತುದಿಯನ್ನು ಅದರಲ್ಲಿ ಹಾಯಿಸಿ ತಿರುಚಿದರೆ ಕಟ್ಟು ಮುಗಿಯಿತು. ಇಷ್ಟೆಲ್ಲ ನಡೆಯುವಾಗ ಕುದುರೆ ನಿಂತಿಲ್ಲ, ಹುಲ್ಲು ಹಾಕುವವನೂ ನಿಂತಿಲ್ಲ. ಹ್ಯೂವಿಟ್‌ನ ಕೊಟ್ಟಿಗೆಯಲ್ಲಿ ಒಬ್ಬರಿಗಾಗಿ ಒಬ್ಬರು ಕಾಯುತ್ತಿದ್ದ ಕೆಲಸಗಳು ಈಗ ಒಂದೇ ಹೊತ್ತಿನಲ್ಲಿ ಸಾಗಿದವು. ಕಟ್ಟಿದ ಪೆಂಡಿಯನ್ನು ಮುಂದಿನ ಪೆಂಡಿಯೇ ಹೊರಗೆ ತಳ್ಳುತ್ತದೆ. ಹಲಗೆ ಕೆಳಗೆ ಬೀಳುತ್ತದೆ, ಯಾರೋ ಎತ್ತಿ ಮತ್ತೆ ಬಾಯಿಯ ಬಳಿ ಇಡುತ್ತಾರೆ.

ಅಮೆರಿಕದಲ್ಲಿ ಉಕ್ಕಿನ ತಂತಿ ಅಗ್ಗವಾದದ್ದೂ ಅದೇ ಕಾಲದಲ್ಲಿ. ಮುಳ್ಳುತಂತಿಯ ಬೇಲಿ ಹರಡಿದ್ದೂ 1870ರ ದಶಕದಲ್ಲೇ. ಹಗ್ಗ ಹಿಗ್ಗುತ್ತದೆ, ಮರದ ಪಟ್ಟಿ ಸೀಳುತ್ತದೆ. ಕಾಸಿ ಮೆದುಗೊಳಿಸಿದ ತಂತಿ ತಿರುಚಲು ಸುಲಭ, ಬಿಗಿತಕ್ಕೂ ಭರವಸೆ.

ಕೆಲಸ ಹಗುರವಾಗಿರಲಿಲ್ಲ. ಹುಲ್ಲಿನ ಧೂಳು ಮೂಗು, ಗಂಟಲು, ಕಣ್ಣು ತುಂಬುತ್ತಿತ್ತು. ಒತ್ತುಹಲಗೆ ಬರುವುದರೊಳಗೆ ಹುಲ್ಲನ್ನು ಕಾಲಿನಿಂದ ತುಳಿದು ಒಳಗೆ ತಳ್ಳುವ ರೂಢಿ ಇತ್ತು. ಒಂದು ಕ್ಷಣ ತಪ್ಪಿದರೆ ಕಾಲೇ ಹೋಗುತ್ತಿತ್ತು. ಹೀಗೆ ಅಂಗ ಕಳೆದುಕೊಂಡವರ ಲೆಕ್ಕ ಯಾವ ಜಾಹೀರಾತಿನಲ್ಲೂ ಇಲ್ಲ. ಹುಲ್ಲನ್ನು ತಾನೇ ಒಳಗೆ ತಳ್ಳುವ ಯಾಂತ್ರಿಕ ತೋಳು ಪ್ರೆಸ್ಸಿಗೆ ಸೇರಿದ್ದು ಆಮೇಲೆ. ವೇಗಕ್ಕೆ ಅದು ಎಷ್ಟು ನೆರವಾಯಿತೋ ಕೆಲಸಗಾರರ ಕೈಕಾಲು ಉಳಿಸಲು ಅಷ್ಟೇ ನೆರವಾಯಿತು.

ಕುದುರೆ ಹೋಯಿತು, ಅಳತೆ ಉಳಿಯಿತು

ಶತಮಾನದ ಕೊನೆಗೆ ಕುದುರೆಯ ಜಾಗಕ್ಕೆ ಉಗಿ ಎಂಜಿನ್ನು, ಆಮೇಲೆ ಪೆಟ್ರೋಲ್ ಎಂಜಿನ್ನು ಬಂದವು. ಮಡಿಸುವ ಕೀಲಿನ ಕೆಲಸವನ್ನು ಭಾರವಾದ ತಿರುಗುಚಕ್ರ ವಹಿಸಿಕೊಂಡಿತು. ಒತ್ತು ಇಲ್ಲದ ಹೊತ್ತಿನಲ್ಲಿ ಚಕ್ರ ಶಕ್ತಿ ಕೂಡಿಟ್ಟು, ಒತ್ತಿನ ತುದಿಯಲ್ಲಿ ಬಿಟ್ಟುಕೊಡುತ್ತದೆ. ಯುದ್ಧಕಾಲದ ಬ್ರಿಟನ್ನಿನಲ್ಲಿ ಎಂಜಿನ್ನಿನಿಂದ ನಡೆಯುವ ಇಂಥ ಪ್ರೆಸ್ಸುಗಳನ್ನು ಊರೂರಿಗೆ ಒಯ್ದು ಬಣವೆಗಳನ್ನು ಪೆಂಡಿ ಮಾಡುವ ಕೆಲಸವನ್ನು 1917ರಲ್ಲಿ ರೂಪುಗೊಂಡ ಮಹಿಳಾ ಮೇವು ದಳದವರು ಮಾಡಿದರು. ಆ 54 ಲಕ್ಷ ಟನ್ ಲೆಕ್ಕದ ಹಿಂದೆ ಅವರ ತೋಳುಗಳೂ ಇವೆ.

ಕಟ್ಟುವ ಕೈಗಳು ಮಾತ್ರ ಇನ್ನೂ ಮನುಷ್ಯರದೇ ಆಗಿದ್ದವು. ಧಾನ್ಯದ ಕಂತೆ ಕಟ್ಟಲು ಜಾನ್ ಆಪಲ್‌ಬಿ 1870ರ ದಶಕದ ಕೊನೆಗೆ ಗಂಟು ಹಾಕುವ ಸಾಧನವೊಂದನ್ನು ಗೆದ್ದು ತೋರಿಸಿದ್ದ. ಅದು ಹುಲ್ಲಿನ ಪೆಂಡಿಗೆ ಹೊಂದಿ ಬರಲು ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯ ಎಡ್ವಿನ್ ನೋಲ್ಟ್ 1930ರ ದಶಕದ ಕೊನೆಯಲ್ಲಿ ರೂಪಿಸಿದ ಯಂತ್ರ ಹೊಲದಲ್ಲಿ ಸಾಗುತ್ತಲೇ ಹುಲ್ಲು ಎತ್ತಿ, ಒತ್ತಿ, ಹುರಿಯಿಂದ ತಾನೇ ಕಟ್ಟಿತು. ನ್ಯೂ ಹಾಲೆಂಡ್ ಕಂಪನಿ ಅದನ್ನು ಕೈಗೆತ್ತಿಕೊಂಡ ಮೇಲೆ ಪೆಂಡಿ ಕಟ್ಟುವ ಈ ಯಂತ್ರ, ಬೇಲರ್, ಮನೆಮಾತಾಯಿತು. ಒತ್ತುಹಲಗೆಯ ಮುಖದಲ್ಲಿರುವ ಸೀಳುಗಳ ಮೂಲಕ ಬಾಗಿದ ಸೂಜಿಗಳು ಹುರಿಯನ್ನು ಒಯ್ದು ಗಂಟಿಗೆ ಕೊಡುತ್ತವೆ. ಅಡ್ಡಹಲಗೆಯ ಕಾಲುವೆ ಮಾಡುತ್ತಿದ್ದ ಕೆಲಸ ಈಗ ಆ ಸೀಳುಗಳದ್ದು. ಬಾಯಿಯ ಅಂಚಿನಲ್ಲಿ ಸಿಕ್ಕಿಕೊಂಡ ಹುಲ್ಲನ್ನು ಹಳೆಯ ಪ್ರೆಸ್ಸುಗಳಲ್ಲಿ ಮಡಚಿ ಒಳಗೆ ಸೇರಿಸುತ್ತಿದ್ದರು. ಹೊಸದರಲ್ಲಿ ಒತ್ತುಹಲಗೆಗೆ ಕೂರಿಸಿದ ಅಲಗು ಅದನ್ನು ಕತ್ತರಿಸುತ್ತದೆ.

ಉಳಿದದ್ದೆಲ್ಲ ಹಳೆಯದೇ. ತೆರೆದ ಓಣಿ, ಹಿಂದೆ ಸರಿಯಗೊಡದ ಹಲ್ಲು, ಬಿಗಿಸುವ ತಿರುಪು, ಗೋಡೆಯಾಗುವ ಪೆಂಡಿ. ಕುದುರೆ ಪ್ರೆಸ್ಸಿನ ಕಾಲದಲ್ಲಿ ರೂಢಿಯಲ್ಲಿದ್ದ 14 ಮತ್ತು 18 ಅಂಗುಲದ ಅಡ್ಡಳತೆ ಇಂದು ಮಾರಾಟವಾಗುವ ಎಷ್ಟೋ ಸಣ್ಣ ಚೌಕ ಬೇಲರ್‌ಗಳಲ್ಲಿ ಹಾಗೆಯೇ ಇದೆ. ಒಬ್ಬ ಮನುಷ್ಯ ಎತ್ತಬಲ್ಲ, ವ್ಯಾಗನ್ನಿನಲ್ಲಿ ಸಂದಿಲ್ಲದೆ ಕೂರುವ ಗಾತ್ರ ಅದು.

ಒತ್ತುವುದನ್ನೇ ಬಿಟ್ಟು ಸುತ್ತುವ ದಾರಿ ಹಿಡಿದವರೂ ಇದ್ದರು. ನೆಬ್ರಾಸ್ಕಾದ ಉಮ್ಮೊ ಲೂಬೆನ್ ಹುಲ್ಲನ್ನು ಚಾಪೆಯಂತೆ ಸುರುಳಿ ಸುತ್ತುವ ಯಂತ್ರ ರೂಪಿಸಿದ. ಅವನ ಹಕ್ಕು ಕೊಂಡ ಅಲ್ಲಿಸ್ ಚಾಮರ್ಸ್ ಕಂಪನಿ 1947ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಅಯೋವಾದ ಗ್ಯಾರಿ ವರ್ಮೀರ್ 1971ರಲ್ಲಿ ಆಳೆತ್ತರದ ಸುರುಳಿ ಮಾಡುವ ಯಂತ್ರ ತಂದ.

ಈ ಎರಡೂ ಕುಲದ ಯಂತ್ರಗಳು ಈಗ ಕರ್ನಾಟಕದ ಗದ್ದೆಗಳಲ್ಲಿವೆ. ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಭಾಗದಲ್ಲಿ ಭತ್ತ ಕೊಯ್ಯುವ ದೊಡ್ಡ ಯಂತ್ರ ಹುಲ್ಲನ್ನು ಗದ್ದೆ ತುಂಬ ಚೆಲ್ಲಿ ಹೋಗುತ್ತದೆ. ಆಳು ಹಚ್ಚಿ ಅದನ್ನು ಆಯಿಸಿ ಬಣವೆ ಒಟ್ಟುವ ಕಾಲ ಹೋಯಿತು. ಬೇಲರ್ ಬರದಿದ್ದರೆ ಎಷ್ಟೋ ಕಡೆ ಆ ಹುಲ್ಲಿಗೆ ಬೆಂಕಿಯೇ ಗತಿ. ಬಂದರೆ ಅದು ಮೇವು. ನಡೆಸುವವರು ಇಬ್ಬನಿ ಆರುವವರೆಗೆ ಕಾಯಬೇಕು, ಯಾಕೆಂದರೆ ತೇವ ನೂರಕ್ಕೆ ಇಪ್ಪತ್ತು ಮೀರಿದ ಹುಲ್ಲನ್ನು ಬಿಗಿದರೆ ಒಳಗೊಳಗೇ ಬಿಸಿಯೇರಿ ಬೂಸಲು ಹಿಡಿಯುತ್ತದೆ, ದೊಡ್ಡ ರಾಶಿಯಾದರೆ ತಾನಾಗಿಯೇ ಹೊತ್ತಿಕೊಳ್ಳುವುದೂ ಉಂಟು.

ಬರದ ವರ್ಷ ಬಯಲುಸೀಮೆಯ ಮೇವಿನ ಬ್ಯಾಂಕುಗಳಿಗೆ, ಗೋಶಾಲೆಗಳಿಗೆ ಹುಲ್ಲು ಹೋಗುವುದು ಲಾರಿಯ ಮೇಲೆ. ಬಿಡಿ ಹುಲ್ಲು ಹೇರಿದ ಲಾರಿ ರಸ್ತೆಯ ಎರಡೂ ಬದಿಗೆ ಚಾಚಿಕೊಂಡು, ವಿದ್ಯುತ್ ತಂತಿಗೆ ತಾಗುವ ಭಯದಲ್ಲೇ ಸಾಗುತ್ತದೆ. ಪೆಂಡಿ ಕಟ್ಟಿದ ಹುಲ್ಲಾದರೆ ಅದೇ ಲಾರಿಯಲ್ಲಿ ಎರಡು ಪಟ್ಟಿನಷ್ಟು ಹಿಡಿಸಬಹುದು, ಬಾಡಿಗೆಯೂ ಹಂಚಿಹೋಗುತ್ತದೆ. ಒಂದೆಡೆ ನೀರಾವರಿ ಗದ್ದೆಯಲ್ಲಿ ಹುಲ್ಲು ಸುಡುತ್ತಿರುವಾಗ ಮಳೆಯಿಲ್ಲದ ತಾಲ್ಲೂಕಿನ ರೈತ ಮೇವಿಲ್ಲದೆ ದನವನ್ನು ಸಂತೆಗೆ ಹೊಡೆಯಬೇಕಾಗುತ್ತದೆ. ಆ ಅಂತರ ತುಂಬಬೇಕಾದರೆ ಸುಗ್ಗಿಯ ಹತ್ತು ಹದಿನೈದು ದಿನಗಳಲ್ಲೇ ಸಣ್ಣ ಹಿಡುವಳಿದಾರರಿಗೂ ಬೇಲರ್ ಬಾಡಿಗೆಗೆ ಸಿಗಬೇಕು, ಕಟ್ಟಿದ ಪೆಂಡಿಗಳನ್ನು ಮುಂದಿನ ಬೇಸಿಗೆಯವರೆಗೆ ನೆನೆಯದಂತೆ ಇಡಲು ಊರಿನಲ್ಲಿ ಒಂದು ಸೂರು ಇರಬೇಕು.